ಫೈಲು ಕಾಯಲು ಕಲಿಸಿದವರು

ನಮ್ಮ ಸರ್ ಅವರ ಬಲಗೈ ತೋರುಬೆರಳಿನ ಉಗುರು ಅರ್ಧ ಕಪ್ಪಾಗಿತ್ತು. ಯಾವಾಗಲೋ ಮೆಟ್ರೋ ಬಾಗಿಲಿಗೆ ಸಿಕ್ಕಿ ಜಜ್ಜಿದ್ದಂತೆ. ಆ ಬೆರಳಿನಲ್ಲೇ ಅವರು ನನ್ನ ಕಂಪ್ಯೂಟರಿನ ಪರದೆಯನ್ನು ಟಕ್ ಟಕ್ ಎಂದು ಕುಟ್ಟುತ್ತಿದ್ದರು. ಚಳಿಗಾಲದಲ್ಲಿ ಜೇಬಿನ ತುಂಬ ಹುರಿದ ಕಡಲೆಕಾಯಿ ತುಂಬಿಕೊಂಡು, ಸುಲಿದು ತಿನ್ನುತ್ತಲೇ ನನ್ನ ಕುರ್ಚಿಯ ಹಿಂದೆ ಬಂದು ನಿಲ್ಲುವರು. ಅವರು ಹೋದ ಮೇಲೆ ಪರದೆಯ ಮೇಲಿನ ಎಣ್ಣೆ ಕಲೆ ಒರೆಸುವುದು ನನ್ನ ಕೆಲಸ. ಎರಡು ವರ್ಷ ಒರೆಸಿದ್ದೇನೆ.

ನೋಯ್ಡಾದ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿ ಅದು. ಸರ್ ನನ್ನ ಟೀಮ್ ಲೀಡ್. ತುಮಕೂರಿನ ಕಡೆಯವರು, ದಿಲ್ಲಿಗೆ ಬಂದು ಇಪ್ಪತ್ತು ವರ್ಷದ ಮೇಲಾಗಿತ್ತು, ಮನೆ ಮಯೂರ್ ವಿಹಾರ್‌ನಲ್ಲಿ. ನಾನು ಹರಿಹರದವಳು, ಘಾಜಿಯಾಬಾದಿನಲ್ಲಿ ಇನ್ನಿಬ್ಬರು ಹುಡುಗಿಯರ ಜೊತೆ ಫ್ಲ್ಯಾಟ್ ಹಿಡಿದಿದ್ದೆ. ಮೊದಲ ದಿನ ನನ್ನ ಹೆಸರು ಕೇಳಿ, ಆಮೇಲೆ ನಾನು ಮಾತಾಡಿದ್ದು ಕೇಳಿ, "ಪರವಾಗಿಲ್ವೇ, ಕನ್ನಡ ಚೆನ್ನಾಗಿ ಮಾತಾಡ್ತೀಯಲ್ಲಮ್ಮ!" ಎಂದರು. ಹೊಗಳಿಕೆ ಎಂದೇ ಅವರು ತಿಳಿದಿದ್ದರು. ನಮ್ಮ ಮನೆಮಾತು ಉರ್ದು, ನಿಜ. ಆದರೆ ಹತ್ತನೇ ತರಗತಿಯವರೆಗೆ ಕನ್ನಡ ಶಾಲೆಗೆ ಮಣ್ಣು ಹೊತ್ತವಳು ನಾನು. "ನೀವೂ ಪರವಾಗಿಲ್ಲ ಸರ್" ಎಂದೆ. ಅವರು ನಕ್ಕರು. ನಾನು ನಗಲಿಲ್ಲ.

ಅಷ್ಟು ವರ್ಷ ದಿಲ್ಲಿಯಲ್ಲಿದ್ದರೂ ಅವರ ಹಿಂದಿ ಕೇಳಿದರೆ ತರಕಾರಿ ಭಯ್ಯಾಗಳೂ ತಲೆ ತಗ್ಗಿಸಿ ನಗುತ್ತಿದ್ದರು. ಮಾತಿನಲ್ಲಿ ಹೆಂಗಸು ಗಂಡಸು, ಒಂದು ಹತ್ತು, ಎಲ್ಲ ಒಂದೇ ಅವರಿಗೆ. ಹಾಗಾಗಿ ಗಿರಾಕಿಗಳ ಫೋನು ಬಂದರೆ "ತಗೋಮ್ಮಾ, ನೀನೇ ಮಾತಾಡು" ಎಂದು ನನ್ನ ಕೈಗೆ ತುರುಕುವರು. ನಾನು ಅವರ ಬಾಯಿಯಾದೆ. ಅದಕ್ಕೆ ಪ್ರತಿಯಾಗಿ ಅವರು ಕಲಿಸಿದರು. ಇದನ್ನು ಹೇಳದೆ ಬೇರೆ ದಾರಿಯಿಲ್ಲ, ಹೇಳುತ್ತೇನೆ: ಅವರಷ್ಟು ಚೆನ್ನಾಗಿ ಕಲಿಸಿದವರು ನನ್ನ ಬದುಕಿನಲ್ಲಿ ಇನ್ನೊಬ್ಬರಿಲ್ಲ.

ನಾನು ಯಮುನಾ ಬ್ಯಾಂಕ್ ನಿಲ್ದಾಣದಲ್ಲಿ ಗಾಡಿ ಬದಲಿಸಿ ನೋಯ್ಡಾ ಕಡೆಗೆ ಹೊರಟರೆ ಅವರು ಮಯೂರ್ ವಿಹಾರ್‌ನಲ್ಲಿ ಹತ್ತುವರು. ಕಂಬಿ ಹಿಡಿದು ನಿಂತಲ್ಲೇ ಪಾಠ. ಒಂದು ಫೋಲ್ಡರಿನಲ್ಲಿ ಹೊಸ ಫೈಲು ಬಂತೇ, ಇದ್ದದ್ದು ಬದಲಾಯಿತೇ ಎಂದು ನಮ್ಮ ಪ್ರೋಗ್ರಾಮಿಗೆ ತಿಳಿಯುವುದು ಹೇಗೆ? ನಾನು, ಕ್ಷಣಕ್ಕೊಮ್ಮೆ ತೆರೆದು ನೋಡುವುದು ಎಂದೆ.

"ಪಾಯಸ ಆಯ್ತಾ, ಪಾಯಸ ಆಯ್ತಾ ಅಂತ ಐದೈದು ನಿಮಿಷಕ್ಕೂ ಅಡುಗೆಮನೆಗೆ ಹೋಗಿ ಇಣುಕಿದ್ರೆ ಏನಾಗುತ್ತೆ?"

"ಅಮ್ಮ ಬೈತಾರೆ."

"ಬೈತಾರೆ, ಪಾಯಸಾನೂ ಬೇಗ ಆಗಲ್ಲ. ಆದಾಗ ಕರೀರಿ ಅಂತ ಒಂದು ಸಲ ಹೇಳಿ ಕೂತ್ಕೋ. ಫೈಲು ಯಾವುದು ಬಂತು, ಯಾವುದು ಹೋಯ್ತು ಅಂತ ಆಪರೇಟಿಂಗ್ ಸಿಸ್ಟಮ್ಮಿಗೆ ಹೆಂಗಿದ್ರೂ ಗೊತ್ತಿರುತ್ತೆ. ಈ ಜಾಗದ ಮೇಲೆ ನನಗೆ ಕಣ್ಣಿದೆ, ಏನಾದ್ರೂ ಆದ್ರೆ ತಿಳಿಸು ಅಂತ ಅದರ ಹತ್ರ ಹೆಸರು ಬರೆಸಿಬಿಡು."

ಹಾಗೆ ಹೆಸರು ಬರೆಸುವ ಕ್ರಮವನ್ನು ಸಾಲು ಸಾಲಾಗಿ ಹೇಳಿಕೊಟ್ಟರು. ಇನ್ನೊಂದು ಮಾತನ್ನು ಸದಾ ಹೇಳುವರು: "ಕೈಪಿಡೀನ ಕೊನೇ ಸಾಲಿನವರೆಗೂ ಓದು. ಬರೆಯೋರೂ ಮನುಷ್ಯರೇ. ತಮ್ಮ ಹುಳುಕನ್ನೆಲ್ಲ ಕೊನೇಲಿ ಸಣ್ಣಕ್ಕೆ ಬರೆದಿರ್ತಾರೆ." ನಾನು ಓದಿದೆ. ಅವರು ಓದುವುದನ್ನು ಯಾವಾಗಲೋ ಬಿಟ್ಟಿದ್ದರು ಎಂದು ನನಗೆ ಆಗ ಗೊತ್ತಿರಲಿಲ್ಲ.

ಘಾಜಿಯಾಬಾದಿನ ಒಂದು ದೊಡ್ಡ ಪ್ರೆಸ್ಸಿನ ಕೆಲಸ ಬಂತು. ಮುದ್ರಣಕ್ಕೆ ಸಿದ್ಧವಾದ ಪುಟ ಫೋಲ್ಡರಿಗೆ ಬಿದ್ದ ಕೂಡಲೇ ಸರಿಯಾದ ಯಂತ್ರಕ್ಕೆ ತಾನೇ ಹೋಗಬೇಕು. ಯಾವ ಪುಟ ಯಾವ ಯಂತ್ರಕ್ಕೆ ಎಂಬುದು ಒಂದು ಚಿಕ್ಕ ನಿಯಮದ ಫೈಲಿನಲ್ಲಿರುತ್ತದೆ. ಪ್ರೆಸ್ಸಿನವರು ಆ ಫೈಲು ತಿದ್ದಿ ಸೇವ್ ಮಾಡಿದರೆ ಸಾಕು, ನಮ್ಮ ಪ್ರೋಗ್ರಾಮು ಅದನ್ನು ಆ ಕ್ಷಣವೇ ಅರಿಯಬೇಕು. ಆರು ತಿಂಗಳು ಕೂತು ಇಡೀ ಕೆಲಸವನ್ನು ನಾನೊಬ್ಬಳೇ ಬರೆದೆ. "ಇದನ್ನ ಕಟ್ಟಿದವರೇ ಹೊಸ ಟೀಮ್ ನಡೆಸೋದು" ಎಂದು ಕಂಪನಿಯ ಮಾಲೀಕರು ಹೇಳಿದ್ದರು. ಊರಿಗೆ ಫೋನು ಮಾಡಿ ಅಮ್ಮನಿಗೂ ಹೇಳಿಬಿಟ್ಟಿದ್ದೆ. ಅಮ್ಮ ಪಕ್ಕದ ಮನೆಗೆಲ್ಲ ಹೇಳಿಬಿಟ್ಟಿದ್ದರು.

ಪ್ರೆಸ್ಸಿನಲ್ಲಿ ಕೆಲಸ ನಡೆಸಿ ತೋರಿಸುವ ಡೆಮೊಗೆ ವಾರವಿದ್ದಾಗ ಸರ್ ತಯಾರಿಸಿದ ಪರಿಚಯದ ಹಾಳೆ ನೋಡಿದೆ. ರಚನೆ ಎಂಬಲ್ಲಿ ಅವರ ಹೆಸರೊಂದೇ ಇತ್ತು. ನನ್ನದು ಎಲ್ಲೂ ಇಲ್ಲ, ಸಹಾಯ ಎಂದೂ ಇಲ್ಲ.

"ಸರ್, ಇದು..."

"ಅದೇನಮ್ಮ, ಗಿರಾಕಿಗೆ ಒಂದು ಹಿರಿ ಮುಖ ಬೇಕು. ನಿಂಗೆ ಇನ್ನೂ ವಯಸ್ಸಿದೆ" ಎಂದು ಕಡಲೆಕಾಯಿ ಚಾಚಿದರು. ನಾನು ತೆಗೆದುಕೊಳ್ಳಲಿಲ್ಲ. ಮೈಯೆಲ್ಲ ಉರಿದುಹೋಯಿತು. ಕಲಿಸಿದ ಮಾತ್ರಕ್ಕೆ ಕಲಿತವಳ ಕೆಲಸವೂ ಇವರದಾಗಿಬಿಡುತ್ತದೆಯೇ? ಅವತ್ತು ಮೆಟ್ರೋದಲ್ಲಿ ಬೇರೆ ಬೋಗಿ ಹತ್ತಿದೆ.

ಹೆಸರು ಹಾಕಿಕೊಂಡ ಮೇಲೆ ಪ್ರೋಗ್ರಾಮಿನ ಕೋಡಿನಲ್ಲಿ ನಾಲ್ಕು ಸಾಲಾದರೂ ತಮ್ಮದಿರಲಿ ಎನಿಸಿರಬೇಕು. ನಿಯಮದ ಫೈಲನ್ನು ಕಾಯುವ ಭಾಗಕ್ಕೆ ಕೈ ಹಾಕಿದರು. ನಾನು ಆ ಒಂದು ಫೈಲಿಗಾಗಿ ಅದಿರುವ ಇಡೀ ಫೋಲ್ಡರಿನ ಮೇಲೆ ಕಣ್ಣಿಟ್ಟಿದ್ದೆ. ಅದಕ್ಕೆ ಕಾರಣವಿತ್ತು. ಫೈಲು ತಿದ್ದಲು ಪ್ರೆಸ್ಸಿನಲ್ಲಿ ಬಳಸುವಂಥ ಎಡಿಟರ್ ಪ್ರೋಗ್ರಾಮಿನಲ್ಲಿ ಸೇವ್ ಒತ್ತಿದಾಗ ಅದು ಹಳೆಯ ಫೈಲಿನ ಮೇಲೆಯೇ ಬರೆಯುವುದಿಲ್ಲ. ಹೊಸದೊಂದು ಫೈಲು ಬರೆದು, ಹಳೆಯದನ್ನು ಎಸೆದು, ಹೊಸದಕ್ಕೆ ಹಳೆಯ ಹೆಸರನ್ನೇ ಇಡುತ್ತದೆ. ಫೈಲಿನ ಮೇಲೆ ಮಾತ್ರ ಕಾವಲಿದ್ದರೆ ಆ ಕಾವಲು ಎಸೆದ ಫೈಲಿನ ಜೊತೆಗೇ ಹೋಗುತ್ತದೆ. ಮೊದಲ ಸಲ ಏನೋ ಆಯಿತು ಎಂದು ಸುದ್ದಿ ಬರುತ್ತದೆ. ಎರಡನೇ ಸಲ ಸೇವ್ ಮಾಡಿದರೆ ಯಾವ ಸುದ್ದಿಯೂ ಬರುವುದಿಲ್ಲ. ಇದನ್ನೆಲ್ಲ ನಾನು ಕೋಡಿನ ಪಕ್ಕದಲ್ಲೇ ಟಿಪ್ಪಣಿಯಾಗಿ ಬರೆದಿಟ್ಟಿದ್ದೆ. ಸರ್ ಅದನ್ನು ಓದದೆ ಅಳಿಸಿದರು.

"ಒಂದು ಫೈಲಿಗೋಸ್ಕರ ಇಡೀ ಫೋಲ್ಡರ್ ಕಾಯ್ತೀಯಲ್ಲ, ಒಬ್ಬ ಕಳ್ಳನಿಗೆ ಊರನ್ನೇ ಜೈಲಿಗೆ ಹಾಕ್ತಾರಾ?" ಎಂದು ಎಲ್ಲರೆದುರು ನಕ್ಕು, ಒಂದು ಸಲ ಸೇವ್ ಮಾಡಿ ತೋರಿಸಿದರು. ಕೆಲಸ ಮಾಡಿತು. ಒಂದೇ ಸಲ ನೋಡಿದರು, ತೃಪ್ತರಾದರು.

ನಮ್ಮಲ್ಲಿ ಯಾರೇ ಕೋಡು ಬದಲಿಸಿದರೂ ಇನ್ನೊಬ್ಬರು ನೋಡಿ ಒಪ್ಪಿಗೆಯ ಹಸಿರು ಟಿಕ್ ಹಾಕಬೇಕು. ಅವರ ಬದಲಾವಣೆ ನನ್ನ ಬಳಿಗೇ ಬಂತು. ಎರಡು ದಿನ ತೆರೆದಿಟ್ಟುಕೊಂಡು ಕೂತೆ. ಒಂದು ಸಾಲು ಬರೆದರೆ ಸಾಕಿತ್ತು: ಸರ್, ಎರಡನೇ ಸಲ ಸೇವ್ ಮಾಡಿ ನೋಡಿ. ಬರೆಯಲಿಲ್ಲ. ಟಿಕ್ ಹಾಕಿದೆ. ಹಾಲು ಕುಡಿದಷ್ಟು ಸಂತೋಷವಾಯಿತು. ಆ ಸಂತೋಷಕ್ಕೆ ನನಗೆ ಇವತ್ತಿಗೂ ನಾಚಿಕೆ ಬಂದಿಲ್ಲ.

ಡೆಮೊ ದಿನ ಪ್ರೆಸ್ಸಿನ ಒಡೆಯ ಲಾಲಾಜಿ ಮೊದಲನೇ ಯಂತ್ರಕ್ಕೆ ಸಾದಾ ಕಾಗದ ಹಾಕಿಸಿದ್ದರು. ಎರಡನೆಯದಕ್ಕೆ ಮದುವೆ ಕರೆಯೋಲೆಯ ಗುಲಾಬಿ ಕಾಗದ, ಅಂಚಿಗೆಲ್ಲ ಚಿನ್ನದ ಬಣ್ಣದ ಬಳ್ಳಿ. ಅಲ್ಲಿಯವರೆಗೆ ಎಲ್ಲ ಪುಟಗಳೂ ಮೊದಲನೇ ಯಂತ್ರಕ್ಕೆ ಹೋಗುತ್ತಿದ್ದವು. ಲಾಲಾಜಿ ತಾವೇ ಕೂತು, ಇನ್ನು ಎರಡನೆಯದಕ್ಕೆ ಎಂದು ನಿಯಮ ತಿದ್ದಿ ಸೇವ್ ಒತ್ತಿದರು. ಒಂದು ಕರೆಯೋಲೆ ಗುಲಾಬಿ ಕಾಗದದಲ್ಲಿ ಸೊಗಸಾಗಿ ಬಂತು. "ವಾಹ್!" ಎಂದು ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ನಮ್ಮ ಸರ್ ಎದೆಯುಬ್ಬಿಸಿ ನಿಂತರು.

"ಅಬ್ ಬಚ್ಚೋಂ ಕೀ ಕಿತಾಬ್, ಏಕ್ ನಂಬರ್ ಪೆ" ಎಂದು ಲಾಲಾಜಿ ಮತ್ತೆ ತಿದ್ದಿದರು. ಮಕ್ಕಳ ಪುಸ್ತಕ, ಮೊದಲನೇ ಯಂತ್ರದ ಸಾದಾ ಕಾಗದಕ್ಕೆ. ಎರಡನೇ ಸಲ ಸೇವ್ ಒತ್ತಿದರು.

ಎರಡನೇ ಯಂತ್ರವೇ ಮತ್ತೆ ಗುರುಗುಟ್ಟಿತು. ಚಿನ್ನದ ಬಳ್ಳಿಯ ಗುಲಾಬಿ ಹಾಳೆಗಳ ಮೇಲೆ ಎರಡರ ಮಗ್ಗಿ, ಮೂರರ ಮಗ್ಗಿ, ಏಳರ ಮಗ್ಗಿ ಒಂದರ ಹಿಂದೊಂದು ಹೊರಬಂದವು. ಲಾಲಾಜಿ ಮತ್ತೆ ಸೇವ್ ಒತ್ತಿದರು, ಮತ್ತೆ ಒತ್ತಿದರು. ಯಂತ್ರ ಹದಿನೆಂಟರ ಮಗ್ಗಿಗೆ ಬಂದಿತ್ತು. ಕೆಲಸಗಾರರು ಮುಸಿಮುಸಿ ನಗುತ್ತಿದ್ದರು. ನಮ್ಮ ಮಾಲೀಕರ ಮುಖ ಮಾತ್ರ ಹುಳಿ ಮಜ್ಜಿಗೆ ಕುಡಿದ ಹಾಗಾಗಿತ್ತು.

"ಯೇ ಕಿಸ್ನೇ ಬನಾಯಾ?" ಎಂದು ಲಾಲಾಜಿ ಕೇಳಿದರು. ಯಾರು ಮಾಡಿದ್ದು ಇದು?

ಪರದೆಯ ಮೇಲೆ ಸರ್ ಹೆಸರು ದೊಡ್ಡದಾಗಿ ಇತ್ತು. ಅವರು ನನ್ನತ್ತ ಬೆರಳು ತೋರಿಸುವುದನ್ನೇ ಕಾಯುತ್ತಿದ್ದೆ. ಹಾಗೆ ತೋರಿಸಿದರೆ, ಇಷ್ಟು ದಿನ ತಮ್ಮದೆಂದು ಸುಳ್ಳು ಹೇಳಿದ್ದನ್ನು ಅವರ ಬಾಯಿಂದಲೇ ಒಪ್ಪಿಸಬೇಕೆಂದು ಉತ್ತರ ಸಿದ್ಧಮಾಡಿಕೊಂಡಿದ್ದೆ. ಅವರು ತಮ್ಮ ಹರಕು ಹಿಂದಿಯಲ್ಲಿ "ಮೈ ಬನಾಯಾ", ನಾನೇ ಮಾಡಿದ್ದು, ಎಂದರು. ನನ್ನ ಕಡೆ ತಿರುಗಲೂ ಇಲ್ಲ.

ಪ್ರೆಸ್ಸಿನ ಕೆಲಸ ಕೈತಪ್ಪಿತು. ಮಾಲೀಕರು ಸರ್ ಅವರನ್ನು ಕರೆಸಿ ರಾಜೀನಾಮೆ ಕೊಡಿ ಎಂದರು. ಐವತ್ತು ದಾಟಿದವರಿಗೆ ಈ ಕಸುಬಿನಲ್ಲಿ ಇನ್ನೊಂದು ಕೆಲಸ ಸಿಗುವುದು ಅಷ್ಟರಲ್ಲೇ ಇದೆ ಎಂದು ನನಗೆ ಗೊತ್ತಿತ್ತು. ಮಾಡಿದ್ದುಣ್ಣೋ ಮಹಾರಾಯ ಎಂದುಕೊಂಡು ಹೊಟ್ಟೆ ತುಂಬ ಊಟ ಮಾಡಿದೆ.

ಕೊನೆಯ ದಿನ ಸರ್ ನನ್ನನ್ನು ತಮ್ಮ ಮೇಜಿಗೆ ಕರೆದು ಪರದೆಯನ್ನು ನನ್ನ ಕಡೆ ತಿರುಗಿಸಿದರು. ಅದರಲ್ಲಿ ಅವರ ಬದಲಾವಣೆ ಇತ್ತು. ಅದರ ಕೆಳಗೆ ನನ್ನ ಹೆಸರು, ಹಸಿರು ಟಿಕ್.

"ಗೊತ್ತಿದ್ದೂ ಹಾಕಿದ್ಯಾ?"

"ಗೊತ್ತಿದ್ದೂ ಹಾಕಿದೆ, ಸರ್."

"ಇದನ್ನ ಮಾಲೀಕರಿಗೆ ತೋರಿಸಿದ್ರೆ ನೀನೂ ನನ್ನ ಹಾಗೇ ಮನೆಗೆ ಹೋಗ್ತಿದ್ದೆ."

"ತೋರಿಸಿ. ನೀವು ನನ್ನ ಕೆಲಸ ಕದ್ದಿದ್ದನ್ನೂ ನಾನು ತೋರಿಸ್ತೀನಿ."

ಅವರು ಮೇಜಿನ ಖಾನೆಯಿಂದ ಕನ್ನಡಕದ ಡಬ್ಬಿ ತೆಗೆದು ಚೀಲಕ್ಕೆ ಹಾಕಿಕೊಂಡರು. "ಹೊಸ ಟೀಮ್ ನಿಂಗೇ ಬರುತ್ತೆ. ಬೇರೆ ಯಾರಿಗೂ ಆಗಲ್ಲ, ಅವಳಿಗೇ ಕೊಡಿ ಅಂತ ಹೇಳಿ ಬಂದಿದ್ದೀನಿ."

"ನಿಮ್ಮ ಶಿಫಾರಸು ನನಗೆ ಬೇಡ."

"ಬೇಡ ಅಂದ್ರೂ ಇರುತ್ತೆ" ಎಂದು ನಕ್ಕರು. ಆ ನಗುವಿನಲ್ಲಿ ಕ್ಷಮೆಯಿರಲಿಲ್ಲ. ಅದು ಅವರ ಸೇಡು ಎಂದೇ ನಾನು ನಂಬಿದ್ದೇನೆ. ನಾನು ಕಿತ್ತುಕೊಂಡು ತಿನ್ನಬೇಕೆಂದಿದ್ದ ತುತ್ತನ್ನು ತಾವೇ ಕಲಸಿ ನನ್ನ ಬಾಯಿಗಿಟ್ಟು ಹೋದರು. ಟೀಮ್ ನನಗೇ ಬಂತು. ಇವತ್ತಿಗೂ ಅದರ ಹೊಣೆ ನನ್ನದೇ.

ಹೋದ ವರ್ಷ ಸರ್ ಹೃದಯಾಘಾತದಿಂದ ತೀರಿಕೊಂಡರು. ಸುದ್ದಿ ಕೇಳಿ ನಾನು ಅಳಲಿಲ್ಲ. ಆದರೂ ಮಯೂರ್ ವಿಹಾರ್‌ನ ಅವರ ಮನೆಗೆ ಹೋದೆ. ಹೋಗಿದ್ದು ಸಂತಾಪ ಹೇಳುವುದಕ್ಕಲ್ಲ, ಸುಳ್ಳೇಕೆ ಹೇಳಲಿ. ನಿಮ್ಮವರು ನನಗೆ ಮಾಡಿದ್ದು ಇದು ಎಂದು ಒಬ್ಬರಿಗಾದರೂ ಎದುರಿಗೆ ನಿಂತು ಹೇಳಬೇಕಿತ್ತು. ಅವರ ಹೆಂಡತಿ ಕಾಫಿ ತಂದುಕೊಟ್ಟು ನನ್ನ ಪಕ್ಕದಲ್ಲೇ ಕೂತರು.

"ಹಿಂದಿ ಮಾತಾಡ್ತಿದ್ದ ಹುಡುಗಿ ನೀವೇನಾ? ಫೋನಿನಲ್ಲಿ ನೀವು ಹೆಂಗೆ ಮಾತಾಡ್ತೀರಿ ಅಂತ ಮನೇಲಿ ಮಾಡಿ ತೋರಿಸೋರು. ಒಂದು ಕೇಳ್ತೀನಮ್ಮ, ಬೇಜಾರು ಮಾಡ್ಕೋಬೇಡಿ. ಆ ಕೆಲಸ ಯಾಕೆ ಬಿಟ್ರು ಅಂತ ಕೊನೇವರೆಗೂ ನನಗೆ ಹೇಳಲೇ ಇಲ್ಲ. ಅದಾದ ಮೇಲೆ ಎಲ್ಲೂ ಕೆಲಸ ಸಿಗಲಿಲ್ಲ, ಮನೇಲೇ ಕೂತಿದ್ರು. ನಿಮಗೇನಾದ್ರೂ ಗೊತ್ತಾ?"

ಬಾಯಿ ತೆರೆದೆ. ಅವರ ಕಳ್ಳತನ ಹೇಳಬೇಕಾದರೆ ನನ್ನ ಟಿಕ್ ಕೂಡ ಹೇಳಬೇಕಿತ್ತು. ಆ ಹೆಂಗಸು ನನ್ನ ಮುಖವನ್ನೇ ನೋಡುತ್ತಿದ್ದರು. "ಗೊತ್ತಿಲ್ಲಮ್ಮ" ಎಂದೆ. ಕಾಫಿ ಕುಡಿದು ಎದ್ದುಬಂದೆ.

ಅಲ್ಲಿ ಹೇಳಲಾರದ್ದನ್ನು ಇಲ್ಲಿ ಬರೆದಿದ್ದೇನೆ. ಅವರು ನನ್ನನ್ನು ಬಿಟ್ಟುಕೊಡಲಿಲ್ಲ ಎಂಬುದನ್ನೂ, ನಾನು ಅವರನ್ನು ಬಿಡಲಿಲ್ಲ ಎಂಬುದನ್ನೂ ಬರೆದಿದ್ದೇನೆ. ನನ್ನ ಅನ್ನ ಅವರು ಕಲಿಸಿದ ವಿದ್ಯೆಯದು. ಆ ಋಣ ನಾನು ಸಾಯುವವರೆಗೂ ಇರುತ್ತದೆ, ಕೋಪವೂ ಇರುತ್ತದೆ. ಆದರೆ ಇಷ್ಟುದ್ದ ಬರೆದರೂ ಅವರ ಹೆಸರನ್ನು ಎಲ್ಲಿಯೂ ಹೇಳಿಲ್ಲ. ಅದು ಮರೆವಲ್ಲ, ಮರ್ಯಾದೆಯೂ ಅಲ್ಲ. ಇದು ನಾನು ಕೂತು ಬರೆದ ಕೆಲಸ, ಇದರ ಮೇಲೆ ಅವರ ಹೆಸರು ಬರುವುದಕ್ಕೆ ನಾನು ಬಿಡುವುದಿಲ್ಲ.