ರಾಟೆ ಕಂಬದ ಬೇವಿನ ಸೊಪ್ಪು

1946ರಲ್ಲಿ ನಾನು ಸೇಲಂ ಜಿಲ್ಲೆಯ ಹೊಸೂರಿನಲ್ಲಿ ಸಂಘಗಳ ಸಂಘಟಕಿಯಾಗಿದ್ದೆ. ಬಿ.ಎ. ಮುಗಿಸಿ ಒಂದು ವರ್ಷವಾಗಿತ್ತು. ಬೀದಿಯವರು, ಮನೆಯವರು ಸೇರಿ ಕಟ್ಟಿಕೊಂಡ ಸಣ್ಣ ಸಂಘಗಳಿಗೆ ಹೋಗಿ ಸಭೆ ಕ್ರಮವಾಗಿ ನಡೆಯುವಂತೆ ನೋಡುವುದು, ತೀರ್ಮಾನಗಳನ್ನು ನಡಾವಳಿ ಪುಸ್ತಕದಲ್ಲಿ ಬರೆಸುವುದು ನನ್ನ ಕೆಲಸ. ನಡಾವಳಿ ಎಂದರೆ ಸಭೆಯಲ್ಲಿ ನಡೆದದ್ದರ ಬರಹ. ಅದು ಅಚ್ಚುಕಟ್ಟಾಗಿದ್ದರೆ ಸಂಘವೂ ಅಚ್ಚುಕಟ್ಟಾಗಿರುತ್ತದೆ ಎಂದು ನಾನು ಆಗ ನಂಬಿದ್ದೆ.

ನನಗೆ ಒಪ್ಪಿಸಿದ ಸಂಘಗಳಲ್ಲಿ ಒಂದು ಮೂಕಂಡಪಲ್ಲಿಯ ಹಾದಿಯಲ್ಲಿತ್ತು. ಒಂದೇ ಬೀದಿ, ಮೂವತ್ತೆರಡು ಹೆಂಚಿನ ಮನೆಗಳು, ನಡುವೆ ಒಂದು ರಾಟೆ ಬಾವಿ. ಎಲ್ಲರೂ ಬೇಸಾಯಗಾರರು. ಸಭೆ ಎಂದರೆ ಬಾವಿಕಟ್ಟೆಯ ಮೇಲೆ ಇಪ್ಪತ್ತು ಜನ ಒಟ್ಟಿಗೆ ಮಾತನಾಡುವುದು. ಕನ್ನಡದಲ್ಲಿ ಶುರುವಾದ ಜಗಳ ತೆಲುಗಿನಲ್ಲಿ ಏರಿ ತಮಿಳಿನಲ್ಲಿ ಮುಗಿಯುತ್ತಿತ್ತು. ಚರಂಡಿ ತೋಡುವ ಸರದಿ ಯಾರದು ಎಂಬುದು ಮರುದಿನ ಯಾರಿಗೂ ನೆನಪಿರುತ್ತಿರಲಿಲ್ಲ. ನಾನು ಮನೆಗಳಿಗೆ ನಂಬರು ಕೊಟ್ಟೆ, ಸರದಿಯ ಪಟ್ಟಿ ಮಾಡಿದೆ, ಒಬ್ಬರಾದ ಮೇಲೆ ಒಬ್ಬರು ಮಾತನಾಡುವ ರೂಢಿ ತಂದೆ. ಮೂರು ತಿಂಗಳಲ್ಲಿ ಚರಂಡಿ ಹರಿಯಿತು. ಅಧ್ಯಕ್ಷ ಮುನಿಸ್ವಾಮಪ್ಪನವರು ನಗುತ್ತಾ, “ಈಗ ಜಗಳಾನೂ ನಂಬರ್ ಪ್ರಕಾರ ಆಡ್ತೀವಿ ಅಮ್ಮಣ್ಣಿ” ಎಂದರು.

ಆ ಬೀದಿಯಲ್ಲಿ ಒಂದು ಹಳೆಯ ಪದ್ಧತಿ ಇತ್ತು. ನಮ್ಮ ಸೀಮೆಗೆ ಪ್ಲೇಗು ಹೊಸದಲ್ಲ. ಮನೆಯೊಳಗೆ ಇಲಿ ತಾನಾಗಿ ಸತ್ತು ಬಿದ್ದರೆ ಅದು ರೋಗದ ಮೊದಲ ಗುರುತು. ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳಬೇಕು. ಇಲ್ಲಿ ಇಲಿ ಕಂಡ ಮನೆಯ ಹೆಂಗಸು ಯಾರಿಗೂ ಹೇಳದೆ, ಬೆಳಗಿನ ನೀರಿಗೆ ಹೋದಾಗ ರಾಟೆ ಕಂಬಕ್ಕೆ ಬೇವಿನ ಸೊಪ್ಪು ಕಟ್ಟಿ ಬರುತ್ತಿದ್ದಳು. ಸೊಪ್ಪು ಕಂಡ ದಿನವೇ ಎಲ್ಲರೂ ಗಂಟು ಕಟ್ಟುತ್ತಿದ್ದರು.

“ಕಟ್ಟಿದ್ದು ಯಾರು ಅಂತ ಹೇಗೆ ಗೊತ್ತಾಗುತ್ತೆ?” ಎಂದು ಕೇಳಿದೆ.

“ಗೊತ್ತಾಗಕಿಲ್ಲ. ಅದು ಹೆಂಗಸ್ರ ಕೆಲ್ಸ. ಕೇಳೋ ಪದ್ಧತಿ ಇಲ್ಲ” ಎಂದರು ಮುನಿಸ್ವಾಮಪ್ಪ.

ನನಗೆ ಅದು ಹೊಣೆಯಿಲ್ಲದ ವ್ಯವಸ್ಥೆಯಾಗಿ ಕಂಡಿತು. ಯಾವ ಮನೆ ಎಂದು ತಿಳಿಯದಿದ್ದರೆ ಸ್ಯಾನಿಟರಿ ಇನ್ಸ್‌ಪೆಕ್ಟರ್ ಯಾವ ಮನೆಯ ಹೆಂಚು ಇಳಿಸಿ ಬಿಸಿಲು ಬಿಡಿಸಬೇಕು? ಮುಂದಿನ ಸಭೆಯಲ್ಲಿ ಒಂದು ಠರಾವು ಬರೆಸಿದೆ: ಇಲಿ ಬಿದ್ದರೆ ಮನೆಯ ಯಜಮಾನನು ಅಂದೇ ಪುಸ್ತಕದಲ್ಲಿ ಮನೆ ನಂಬರು, ಹೆಸರು, ಹೊತ್ತು ಬರೆಸಿ ರುಜು ಹಾಕತಕ್ಕದ್ದು, ಕಂಬಕ್ಕೆ ಸೊಪ್ಪು ಕಟ್ಟುವ ಪದ್ಧತಿ ಇಂದಿನಿಂದ ರದ್ದು. ಕಚೇರಿಗೆಂದು ತಮಿಳಿನಲ್ಲಿ ಬರೆದಿದ್ದ ಅದನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದಿ ಹೇಳಿದೆ. ಮೂವತ್ತೆರಡು ಮಂದಿ ಯಜಮಾನರೂ ಒಪ್ಪಿ ಹೆಬ್ಬೆಟ್ಟು ಒತ್ತಿದರು. ಹೆಂಗಸರು ಬಾವಿಯ ಆಚೆ ನಿಂತು ಕೇಳಿಸಿಕೊಂಡರು. ಅವರನ್ನು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಕಾರ್ತಿಕದಲ್ಲಿ ಒಂಬತ್ತನೆಯ ನಂಬರಿನ ವೆಂಕಟಪ್ಪ ಬಂದು, ಎರಡು ಇಲಿ ಬಿದ್ದಿವೆ ಎಂದು ಬರೆಸಿದ. ಬೀದಿಯವರೆಲ್ಲ ಹೊಲಕ್ಕೆ ಹೋದರು. ಕೊಯ್ದ ರಾಗಿ ಕಣದಲ್ಲೇ ಉಳಿಯಿತು. ಅಕಾಲದಲ್ಲಿ ಬಂದ ಮಳೆಗೆ ನೆನೆದು ಮೊಳಕೆಯೊಡೆಯಿತು. ಹದಿನೈದು ದಿನವಾದರೂ ಯಾರಿಗೂ ಜ್ವರ ಬರಲಿಲ್ಲ. ಆ ಇಲಿಗಳು ಯಾರೋ ಇಟ್ಟ ಪಾಷಾಣ ತಿಂದು ಸತ್ತಿದ್ದವು ಎಂದು ಆಮೇಲೆ ತಿಳಿಯಿತು. ಸೊಪ್ಪಿನ ಕಾಲದಲ್ಲೂ ಹೀಗೆ ಆಗಿದ್ದುಂಟಂತೆ. ಆದರೆ ಆಗ ಬೈಯುವುದಕ್ಕೆ ಒಂದು ಹೆಸರು ಇರಲಿಲ್ಲ.

ಮುಂದಿನ ಸಭೆಗೆ ವೆಂಕಟಪ್ಪ ಬಂದಾಗ ಯಾರೋ ಕೂಗಿದರು: “ಏನ್ಲಾ ಇಲಿ ವೆಂಕ್ಟ, ಇವತ್ತೆಷ್ಟು ಬಿದ್ವು?”

“ರಾಗಿ ತಿಂದಿದ್ ಇಲಿ ಯಾವ್ದು ಅಂತಾನೂ ಬರ್ಸ್ಬುಡ್ಲಾ!”

ಎಲ್ಲರೂ ನಕ್ಕರು. ವೆಂಕಟಪ್ಪ ತಲೆಯೆತ್ತಲಿಲ್ಲ. ಸಭೆಯಲ್ಲಿ ಶಿಸ್ತು ಇರಲಿ ಎಂದು ಹೇಳಿ ನಾನು ಮುಂದಿನ ವಿಷಯ ತೆಗೆದುಕೊಂಡೆ.

ಪುಷ್ಯಮಾಸದಲ್ಲಿ ಒಂದು ಸಂಜೆ ಕೆಲಸ ಮುಗಿಸಿ ಹೊರಟಿದ್ದೆ. ಹತ್ತನೆಯ ನಂಬರಿನ ನಂಜಪ್ಪನ ಹೆಂಡತಿ ಲಕ್ಷ್ಮಕ್ಕ ಬಾವಿಯ ಹತ್ತಿರ ಬಿಂದಿಗೆ ಹಿಡಿದು ನಿಂತಿದ್ದರು. ಅವರ ಮಗಳು ಗೌರಿಯನ್ನು ಅಂಚೆಟ್ಟಿ ಕಡೆಯ ಗಂಡಿಗೆ ಕೊಡುವುದೆಂದು ನಿಶ್ಚಯವಾಗಿ ಮಾಘದಲ್ಲಿ ಲಗ್ನವಿತ್ತು.

“ಅಮ್ಮಣ್ಣಿ, ಎಸ್ರು ಇಲ್ದಂಗೆ ಬರ್ಕೊಳಕ್ಕಾಗಲ್ವಾ?”

“ಆಗಲ್ಲ ಲಕ್ಷ್ಮಕ್ಕ. ಯಾರು ಹೇಳಿದ್ದು ಅಂತ ಗೊತ್ತಿಲ್ಲದ ಮಾತನ್ನ ಸಂಘ ಹೇಗೆ ನಂಬುತ್ತೆ?”

“ನಂಬ್ತಿದ್ವಲ್ಲ. ಸೊಪ್ಪು ಕಂಡ್ರೆ ನಂಬ್ತಿದ್ವಲ್ಲ.”

ದೂರದಲ್ಲಿ ಇದ್ದಿಲಿನಿಂದ ಓಡುವ ಬಸ್ಸಿನ ಹೊಗೆ ಕಾಣಿಸಿತು. ಅದು ತಪ್ಪಿದರೆ ಮತ್ತೆ ಬಸ್ಸಿಲ್ಲ. ಯಾಕೆ ಕೇಳುತ್ತಿದ್ದೀರಿ ಎಂದು ಒಂದು ಮಾತು ಕೇಳಬಹುದಿತ್ತು. “ಠರಾವು ಎಲ್ಲರಿಗೂ ಒಂದೇ” ಎಂದು ಹೇಳಿ ಹೊರಟುಬಿಟ್ಟೆ.

ಆರನೆಯ ದಿನ ಲಕ್ಷ್ಮಕ್ಕನಿಗೆ ಜ್ವರ ಬಂತು. ಕಂಕುಳಲ್ಲಿ ಗಡ್ಡೆ ಎದ್ದಿತು. ನನಗೆ ಸುದ್ದಿ ತಲುಪಿ, ನಾನು ಇನ್ಸ್‌ಪೆಕ್ಟರನ್ನು ಕರೆದುಕೊಂಡು ಹೋಗುವ ಹೊತ್ತಿಗೆ ಅವರು ತೀರಿಕೊಂಡಿದ್ದರು. ಆ ವಾರದಲ್ಲೇ ಪಕ್ಕದ ಮನೆಯ ನಾಲ್ಕು ವರ್ಷದ ಮಗು, ಎದುರು ಮನೆಯ ಅಣ್ಣ ತಮ್ಮ ಇಬ್ಬರು ಹೋದರು. ಉಳಿದವರು ಸೂಜಿ ಹಾಕಿಸಿಕೊಂಡು ಹೊಲಕ್ಕೆ ನಡೆದರು.

ಗುಡಿಸಲುಗಳ ನಡುವೆಯೇ ಸಭೆ ಕರೆದೆ. ಪುಸ್ತಕ ತೆರೆಯದೆ, ಯಾರ ಮನೆಯಲ್ಲಿ ಇಲಿ ಬಿದ್ದಿತ್ತು ಎಂದು ಕೇಳಿದೆ.

“ನಮ್ಮನೇಲಿ ಬಿದ್ದಿತ್ತು” ಎಂದ ವೆಂಕಟಪ್ಪ. “ಲಕ್ಷ್ಮಕ್ಕಂಗೆ ಜ್ವರ ಬರಕ್ಕೆ ಎಂಟು ದಿನ ಮುಂಚೇನೇ. ಇನ್ನೊಂದ್ ಸಲ ನಗ್ಸ್ಕೊಳಾಕೆ ಮನಸ್ ಬರ್ನಿಲ್ಲ.”

ಆಮೇಲೆ ಒಬ್ಬೊಬ್ಬರೇ ಹೇಳಿದರು. ಏಳು ಮನೆಗಳಲ್ಲಿ ಬಿದ್ದಿತ್ತು. ನಾನು ಅಷ್ಟು ಚೆನ್ನಾಗಿ ಗೆರೆ ಹಾಕಿಕೊಟ್ಟಿದ್ದ ಪುಟದಲ್ಲಿ ಆ ತಿಂಗಳು ಒಂದು ಅಕ್ಷರವೂ ಇರಲಿಲ್ಲ.

ನಂಜಪ್ಪ ನೆಲ ನೋಡುತ್ತಲೇ ಹೇಳಿದ: “ಅವ್ಳು ಬರ್ಸು ಬರ್ಸು ಅಂದ್ಲು. ಎಸ್ರು ಬಂದ್ರೆ ಗಂಡಿನೋರು ಹಿಂದಕ್ ಹೋಯ್ತಾರೆ, ಲಗ್ನ ಆಗೋಗ್ಲಿ ಅಂದೆ. ಹದಿನೆಂಟ್ ದಿನ ಇತ್ತು ಅಷ್ಟೇ.”

ನಾನು ಹೊರಡುವಾಗ ಗೌರಿ ಹೊಲದ ಬದುವಿನವರೆಗೆ ಬಂದಳು. ಹದಿನಾರು ವರ್ಷದ ಹುಡುಗಿ. ಅಳುತ್ತಿರಲಿಲ್ಲ.

“ಅವ್ವ ಸೊಪ್ಪು ಕಿತ್ಕೊಂಡ್ ಬಂದಿದ್ಲು. ಕಂಬದ ತಾವ ಹೋಗಿ, ಕಟ್ಟದೇನೆ ವಾಪಸ್ ತಂದ್ಲು.”

“ಯಾಕೆ?”

“ನೀವು ಬ್ಯಾಡ ಅಂತ ಬರ್ಸಿದ್ರಲ್ಲ” ಎಂದಳು. ಅವಳ ದನಿಯಲ್ಲಿ ಕೋಪವಿರಲಿಲ್ಲ. ಕೇಳಿದ್ದಕ್ಕೆ ಉತ್ತರ ಹೇಳಿದಳು, ಅಷ್ಟೇ. “ಇನ್ನೂ ಮನೇಲೇ ಅದೆ, ಒಣಗೋಗದೆ.”

ಅಂಚೆಟ್ಟಿಯವರು ಆ ಸಂಬಂಧ ಬಿಟ್ಟರು.

ಬೀದಿಯವರು ಮನೆಗಳಿಗೆ ಮರಳಿದ ಮೇಲೆ ಮತ್ತೊಂದು ಠರಾವಾಯಿತು. ಈ ಸಲ ಹೆಂಗಸರೂ ಕಟ್ಟೆಯ ಮೇಲೆ ಕೂತಿದ್ದರು. ಕಂಬಕ್ಕೆ ಸೊಪ್ಪು ಕಟ್ಟಬಹುದು. ಕಟ್ಟಿದವರು ಯಾರೆಂದು ಯಾರೂ ಕೇಳತಕ್ಕದ್ದಲ್ಲ. ಸೊಪ್ಪು ಕಂಡ ದಿನವೇ ಅಧ್ಯಕ್ಷರು ಇನ್ಸ್‌ಪೆಕ್ಟರಿಗೆ ತಿಳಿಸಿ, ಎಲ್ಲ ಮನೆಗಳ ಹೆಂಚನ್ನೂ ಇಳಿಸತಕ್ಕದ್ದು. ಎಲ್ಲ ಮನೆ ಎಂಬ ಮಾತು ವೆಂಕಟಪ್ಪ ಸೇರಿಸಿದ್ದು.

ಮರುವರ್ಷ ಒಂದು ಬೆಳಿಗ್ಗೆ ಕಂಬದಲ್ಲಿ ಸೊಪ್ಪು ಇತ್ತು. ನಾನು ಮಧ್ಯಾಹ್ನ ಹೋಗುವಷ್ಟರಲ್ಲಿ ಮೂವತ್ತೆರಡು ಮನೆಗಳೂ ಖಾಲಿಯಾಗಿದ್ದವು. ಆ ಸಲ ಹೊಸೂರಿನ ಸುತ್ತ ಪ್ಲೇಗು ಬಂತು. ಆ ಬೀದಿಯಲ್ಲಿ ಯಾರೂ ಸಾಯಲಿಲ್ಲ. ಕಟ್ಟಿದವರು ಯಾರೋ ನನಗೆ ತಿಳಿಯದು.

ಒಂದು ಸಂಘ ಚೆನ್ನಾಗಿ ನಡೆಯಲು ನಿಯಮಗಳು ಬೇಕು ಎಂದು ನಾನು ಈಗಲೂ ನಂಬುತ್ತೇನೆ. ಆದರೆ ಒಂದು ಸುದ್ದಿಯನ್ನು ಕೇಳುವ ಮೊದಲು, ಅದನ್ನು ಹೇಳಿದವರು ಏನು ಕಳೆದುಕೊಳ್ಳುತ್ತಾರೆ ಎಂದು ಯೋಚಿಸಬೇಕು. ಇದನ್ನು ಆ ಕೆಲಸ ನನಗೆ ಕಲಿಸಿತು. ಅದಕ್ಕೆ ಬೆಲೆ ಕೊಟ್ಟವಳು ನಾನಲ್ಲ.

ವರ್ಷದ ತಪಾಸಣೆಗೆ ಬಂದ ಮೇಲಧಿಕಾರಿಗಳು ಸೊಪ್ಪು ಕಂಡ ದಿನ ಬರೆದ ಪುಟದ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ, “ಮನೆಯವರ ಹೆಸರು ಏಕೆ ಬರೆಸಿಲ್ಲ?” ಎಂದು ಬರೆದಿದ್ದರು. ಅದರ ಕೆಳಗೆ ನಾನು ಸಮಜಾಯಿಷಿ ಬರೆದೆ: “ಹಿಂದೆ ಒಂದು ವರ್ಷ ಬರೆಸಿದ್ದೆ.”