ಅಡ್ಮಿನ್ ಸಾಹೇಬರು ರೊಟ್ಟಿ ಬಡಿಯುತ್ತಿದ್ದಾರೆ

ಜತ್ತಿನಲ್ಲಿ ಫೋಟೊ ಸ್ಟುಡಿಯೊ ಇಟ್ಟಿದ್ದ ನನ್ನ ಗೆಳೆಯ ಶಂಕರಲಿಂಗನಿಗೆ ಕಂಪ್ಯೂಟರಿನಲ್ಲಿ ಏನು ಕಂಡರೂ ಒತ್ತುವ ಚಟ. ಬಿಟ್ಟಿ ಆಟ, ಬಿಟ್ಟಿ ಬಹುಮಾನ, ಯಾವುದನ್ನೂ ಬಿಡುತ್ತಿರಲಿಲ್ಲ. ಹಾಗೆ ಒತ್ತಿಯೇ ಒಮ್ಮೆ ವೈರಸ್ ತಂದುಕೊಂಡು, ಡಫಳಾಪುರದ ಒಂದು ಮದುವೆಯ ಫೋಟೊಗಳನ್ನೆಲ್ಲ ಅಕ್ಕಿಕಾಳು ಸಮೇತ ಕಳೆದುಕೊಂಡ. ಅಂದೇ ತನ್ನನ್ನು ಸಾಮಾನ್ಯ ಬಳಕೆದಾರನ ಮಟ್ಟಕ್ಕೆ ಇಳಿಸಿಕೊಂಡು, ಹೆಂಡತಿ ಉಮಾಶ್ರೀ ವೈನಿಯನ್ನು ಅಡ್ಮಿನ್ ಮಾಡಿದ. ಅಂದಿನಿಂದ ಹಾರ್ಡ್ ಡಿಸ್ಕಿನಲ್ಲಿದ್ದ ತಾಲೂಕಿನ ಮದುವೆಗಳನ್ನು ಅವನು ನೋಡಬಹುದಿತ್ತು, ಅಳಿಸುವಂತಿರಲಿಲ್ಲ. ಹೊಸದೇನಾದರೂ ಹಾಕಬೇಕೆಂದರೆ ಅಡ್ಮಿನ್ ಪಾಸ್‌ವರ್ಡಿಗಾಗಿ ಒಳಗೆ ಕೂಗಬೇಕು. ವೈನಿ ಹಿಟ್ಟಿನ ಕೈಯಲ್ಲೇ ಬಂದು, "ಯಾರ ಕೊಟ್ಟಾರ ಇದನ್ನ? ನಿಮಗ್ಯಾಕ ಬೇಕು?" ಎಂದು ವಿಚಾರಿಸಿ, ಹೆಚ್ಚಾಗಿ "ಬ್ಯಾಡ" ಎಂದು ಹೊರಟುಬಿಡುತ್ತಿದ್ದರು. ಗಿರಾಕಿಗಳು ಅವಸರ ಮಾಡಿದರೆ, "ಕುಂದ್ರಿ, ಅಡ್ಮಿನ್ ಸಾಹೇಬ್ರು ರೊಟ್ಟಿ ಬಡಿಯಾಕತ್ತಾರ" ಎನ್ನುತ್ತಿದ್ದ. ಅವನು ತೀರಿಕೊಂಡ ವಾರ, ಹಾರ ಹಾಕುವುದಕ್ಕೆಂದು ಅವನ ಸ್ಟುಡಿಯೊದಲ್ಲೇ ಅವನ ಫೋಟೊವನ್ನೇ ದೊಡ್ಡದು ಮಾಡಲು ಕುಳಿತೆ. ಬೇರೆ ಪ್ರಿಂಟರ್ ಜೋಡಿಸಿದ ಕೂಡಲೇ ಕಂಪ್ಯೂಟರ್ ಪಾಸ್‌ವರ್ಡ್ ಕೇಳಿತು. ಕರೆದಾಗ ವೈನಿ ಬಂದರು. ಕೈಯಲ್ಲಿ ಹಿಟ್ಟಿರಲಿಲ್ಲ; ಯಾಕೆ ಬೇಕೆಂದೂ ಕೇಳಲಿಲ್ಲ. ಒಂದೊಂದೇ ಅಕ್ಷರ ಒತ್ತುತ್ತ, "ಈ ಪಾಸ್‌ವರ್ಡ್ ಇಟ್ಟಾವ್ರು ಅವರೇ ಅಲ್ಲೇನ್ರಿ," ಎಂದರು. "ಗೊತ್ತಿದ್ರೂ ದಿನಾ ನನ್ನ ಕರೀತಿದ್ರು."