ಕರಿಕಿಗೆ ವರ್ಷಕ್ಕೆ ಮೂರು ಊಟ

ಅಥಣಿ ರಸ್ತೆಯ ಬಂಗಲೆಗಳಲ್ಲಿ ಇನ್ನೂ ಯಾರೂ ಎದ್ದಿಲ್ಲ. ಹಣಮಂತರಾಯ ವಕೀಲರ ಅಂಗಳದಲ್ಲಿ ಮಾತ್ರ ಜರಡಿಯ ಸದ್ದು ಕೇಳುತ್ತದೆ. ಮಾಲಿ ಚಂದ್ರಾಬಾಯಿ ಕಚ್ಚೆ ಬಿಗಿದು ಕೂತು, ಹಳೆಯ ಸಗಣಿ ಗೊಬ್ಬರವನ್ನು ಜರಡಿ ಹಿಡಿದು ಬುಟ್ಟಿಗೆ ತುಂಬುತ್ತಿದ್ದಾರೆ. ನಿನ್ನೆ ಸಂಜೆ ಮಿರಗದ, ಅಂದರೆ ಮೃಗಶಿರಾದ, ಮೊದಲ ಮಳೆ ಬಿದ್ದಿದೆ. ಬಿಸಿಲೇರುವುದರೊಳಗೆ ಮನೆ ಮುಂದಿನ ಗರಿಕೆಯ ಹುಲ್ಲುಹಾಸಿಗೆಲ್ಲ ಗೊಬ್ಬರ ಎರಚಿ ಮುಗಿಯಬೇಕು. ಹೆಂಟೆ ಸಿಕ್ಕರೆ ಅಂಗೈಯಲ್ಲೇ ಪುಡಿ ಮಾಡುತ್ತಾರೆ. ಆ ಅಂಗೈಗಳು ಬೇಸಿಗೆಯ ಎರೆ ಹೊಲದಂತೆ ಬಿರುಕು ಬಿಟ್ಟಿವೆ.

"ವರ್ಷಕ್ಕ ಮೂರು ಸಲ ಸಾಕ್ರಿ," ಎನ್ನುತ್ತಾರೆ. "ಮಿರಗಾ ಬಿದ್ದಿಂದ ಒಮ್ಮೆ, ಶ್ರಾವಣದಾಗ ಒಮ್ಮೆ, ಸೀಗಿ ಹುಣ್ಣಿಮಿ ಮುಂದ ಒಮ್ಮೆ. ಥಂಡ್ಯಾಗ ಕರಿಕಿ ನಿದ್ದಿ ಮಾಡತೈತಿ. ನಿದ್ದಿ ಮಾಡೋರಿಗೆ ಯಾರಾರ ಉಣ್ಣಾಕ ನೀಡ್ತಾರೇನ್ರಿ? ಬ್ಯಾಸಗ್ಯಾಗ ಅದಕ್ಕ ನೀರೊಂದೇ ಊಟ."

ಇವರದು ತಿಕೋಟಾ ಕಡೆಯ ಕೂಲಿ ಮನೆತನ. ಗಂಡ ದಶರಥ ಈ ಬಂಗಲೆಯ ಮಾಲಿಯಾಗಿದ್ದರು. ಹಿತ್ತಲ ಖೋಲಿಯಲ್ಲಿ ಸಂಸಾರ. ಆರು ವರ್ಷದ ಹಿಂದೆ, 1961ರಲ್ಲಿ, ಬೇವಿನ ಟೊಂಗೆ ಕಡಿಯಲು ಮರ ಹತ್ತಿದ ದಶರಥ ಬಿದ್ದು ಸೊಂಟ ಮುರಿದುಕೊಂಡರು. ಬೇರೆ ಮಾಲಿ ಬಂದರೆ ಖೋಲಿ ಅವನಿಗೆ ಬಿಡಬೇಕು. ಆ ಕೆಲಸ ತಾವೇ ಮಾಡುವುದಾಗಿ ಚಂದ್ರಾಬಾಯಿ ಕೇಳಿಕೊಂಡರು. ಹೆಂಗಸು ಈ ಕೆಲಸ ಮಾಡಿದ್ದನ್ನು ಅಲ್ಲಿ ಯಾರೂ ಕಂಡಿರಲಿಲ್ಲ. ವಕೀಲರು, "ಒಂದ್ ವರ್ಷ ನೋಡೂಣು," ಎಂದರು.

ಮಳೆಗಾಲ, ಚಳಿಗಾಲ ಸುಸೂತ್ರವಾಗಿ ಕಳೆದವು. ದಶರಥ ಹಾಸಿಗೆಯಿಂದ ಹೇಳಿದಂತೆ ಚಂದ್ರಾಬಾಯಿ ಮಾಡಿದರು. ಬೇಸಿಗೆಯಲ್ಲಿ ವಕೀಲರ ಮಗಳ ಮದುವೆ ನಿಶ್ಚಯವಾಯಿತು. ಬೀಗರಿಗೆ ಚಹಾ ಕೊಡುವುದು ಹುಲ್ಲಿನ ಮೇಲೆಯೇ ಎಂದು ಗೊತ್ತಾದಾಗ ಚಂದ್ರಾಬಾಯಿಗೆ ದಿಗಿಲಾಯಿತು. ಹತ್ತಿರದ ಮೆಟ್ಟಿಲ ಬಾವಡಿಯ ನೀರು ತಳ ಕಂಡು ಹುಲ್ಲು ಹಳದಿಗಟ್ಟಿತ್ತು. ನಿಂಬೆ ಗಿಡಗಳಿಗೆಂದು ತಂದ, ಸಕ್ಕರೆಯಂಥ ಬಿಳಿ ಗೊಬ್ಬರ ಅರ್ಧ ಚೀಲ ಉಳಿದಿತ್ತು. ಗಂಡನಿಗೆ ಹೇಳದೆ ಅದನ್ನೇ ಎರಚಿ, ಇದ್ದಷ್ಟು ನೀರು ಚಿಮುಕಿಸಿದರು. ವಾರದೊಳಗೆ ಹುಲ್ಲು ಪಟ್ಟಿ ಪಟ್ಟಿಯಾಗಿ ಸುಟ್ಟು ಕಂದಾಯಿತು.

ಅಂದು ಗಂಡನ ಮುಂದೆ ಅತ್ತರು. ದಶರಥ ಬೈಯಲಿಲ್ಲ. "ನಾ ಹೇಳಿದ್ದಕ್ಕ ಹಾಕಿದೆ ಅಂತ ಹೇಳು. ಹಾಸಿಗ್ಯಾಗ ಬಿದ್ದವನ ಮ್ಯಾಲ ಸಾಹೇಬ್ರು ಸಿಟ್ಟಾಗಂಗಿಲ್ಲ," ಎಂದರು.

ಚಂದ್ರಾಬಾಯಿ ಕೇಳಲಿಲ್ಲ. ನೇರವಾಗಿ ಹೋಗಿ ವಕೀಲರ ಮುಂದೆ ನಿಂತು, ಬಿಳಿ ಗೊಬ್ಬರದಿಂದ ಹುಲ್ಲು ಸುಟ್ಟಿತೆಂದರು.

"ದಶರಥ ಹೇಳಿದ್ನೇನು?" ಎಂದು ವಕೀಲರು ಕೇಳಿದರು.

"ಇಲ್ರಿ. ಬ್ಯಾಸಗ್ಯಾಗ ಹಾಕಬ್ಯಾಡ ಅಂತಿದ್ರು ಅವರು. ಹಸರ ಕಾಣ್ಲಿ ಅಂತ ನಾನೇ ಹಾಕೇನ್ರಿ."

ವಕೀಲರು ಹೊರಬಂದು ಸುಟ್ಟ ಹುಲ್ಲನ್ನು ನೋಡಿದರು. "ಮದುವಿ ಮುಗೀಲಿ," ಎಂದಷ್ಟೇ ಹೇಳಿ ಒಳಗೆ ಹೋದರು.

ಸುಟ್ಟ ಜಾಗದ ಮೇಲೆ ಜಮಖಾನೆ ಹಾಸಲಾಯಿತು. ಬೀಗರು ಚಹಾ ಕುಡಿದು ಹೋದರು. ಮದುವೆ ಮುಗಿದರೂ ವಕೀಲರು ಆ ಮಾತೆತ್ತಲಿಲ್ಲ. ಖೋಲಿ ಬಿಡಬೇಕಾದೀತೆಂದು ಚಂದ್ರಾಬಾಯಿ ಪಾತ್ರೆ, ಬಟ್ಟೆ ಗಂಟು ಕಟ್ಟಿಟ್ಟರು. ಆದರೂ ಸಂಜೆಯಾದರೆ ದೂರದ ಬಾವಿಯಿಂದ ನೀರು ಹೊತ್ತು ಸುಟ್ಟ ಹುಲ್ಲಿಗೆ ಹಾಕುವುದನ್ನು ಬಿಡಲಿಲ್ಲ. ಒಂದು ದಿನ ಬೇರುಸಹಿತ ಒಂದು ಎಳೆ ಕಿತ್ತು ಗಂಡನ ಕೈಗೆ ಕೊಟ್ಟರು. ದಶರಥ ಬೇರನ್ನು ಉಗುರಿನಿಂದ ಕೆರೆದು ನೋಡಿದರು. ಒಳಗೆ ಬೆಳ್ಳಗಿತ್ತು.

"ಜೀವ ಐತಿ. ಮಳಿ ತನಕ ನೀರು ಹಾಕೋದು ಬಿಡಬ್ಯಾಡ," ಎಂದರು.

ಆ ವರ್ಷ ಮಿರಗ ತಡವಾಯಿತು. ಎರಡು ಮಳೆ ಬಿದ್ದ ಮೇಲೆ ಕಂದು ಪಟ್ಟಿಗಳಲ್ಲಿ ಗೆಣ್ಣುಗೆಣ್ಣಿಗೂ ಹಸಿರು ಮೂಡಿತು. ಮುಂಜಾನೆ ಹೊರಬಂದ ವಕೀಲರು ಬಗ್ಗಿ ಮುಟ್ಟಿ ನೋಡಿದರು.

"ಚಂದ್ರಾಬಾಯಿ, ತೊರವಿ ಹಳ್ಳಿಗೆ ಹೇಳಿ ಕಳಸಲ್ಯಾ? ಗೊಬ್ಬರದ ಗಾಡಿ ಬೇಕಾಗತೈತಲ್ಲ?"

"ಹೂಂ ಅಂದು ಖೋಲಿಗೆ ಬಂದ್ನಿರಿ. ಗಂಟು ಬಿಚ್ಚಿ ಗಂಗಾಳ ತಗದು ಮನಿಯವರಿಗೆ ರೊಟ್ಟಿ ಹಾಕಿದ್ನಿ," ಎಂದು ಚಂದ್ರಾಬಾಯಿ ಆ ದಿನವನ್ನು ನೆನೆಯುತ್ತಾರೆ.

ದಶರಥ ಈಗ ಕೋಲೂರಿಕೊಂಡು ಬಾಗಿಲವರೆಗೆ ಬರುತ್ತಾರೆ. ಬಿಳಿ ಗೊಬ್ಬರವನ್ನು ಚಂದ್ರಾಬಾಯಿ ಬಿಟ್ಟಿಲ್ಲ. ಶ್ರಾವಣದಲ್ಲಿ, ನೆಲ ಚೆನ್ನಾಗಿ ನೆನೆದಾಗ, ಮಣ್ಣಿನಲ್ಲಿ ಬೆರೆಸಿ ತೆಳ್ಳಗೆ ಎರಚುತ್ತಾರೆ. ಪಕ್ಕದ ಎರಡು ಬಂಗಲೆಗಳ ಹುಲ್ಲೂ ಈಗ ಇವರ ಕೈಯಲ್ಲೇ ಇದೆ.

ಬುಟ್ಟಿ ಬರಿದಾಗಿದೆ. ಮಗ್ಗುಲ ಮನೆಯ ಆಳು ಬೇಲಿಯಾಚೆಯಿಂದ ಕೂಗುತ್ತಾನೆ. ಚಂದ್ರಾಬಾಯಿ ಕೈ ಜಾಡಿಸಿ ಎದ್ದು ನಿಲ್ಲುತ್ತಾರೆ.

"ಮೊದಲ, ದಶರಥನ ಹೇಣ್ತಿನ್ನ ಕರೀರಿ ಅಂತಿದ್ರು," ಎನ್ನುತ್ತಾರೆ. "ಈಗ, ಮಾಲಿನ್ನ ಕರೀರಿ ಅಂತಾರ."